ದೊಡ್ಡಬೆಟ್ಟದ ಹೆಸರಿನ ಯುದ್ಧನೌಕೆ

2023ರ ಆಗಸ್ಟ್ 17ರಂದು ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹೊಸ ಯುದ್ಧನೌಕೆಯೊಂದನ್ನು ಹೂಗ್ಲಿ ನದಿಗೆ ಇಳಿಸಿದರು. ಹೆಸರು ವಿಂಧ್ಯಗಿರಿ. ಆ ಹೆಸರು ಕಿವಿಗೆ ಬಿದ್ದವರಿಗೆ ಥಟ್ಟನೆ ನೆನಪಾಗುವುದು ಮಧ್ಯಭಾರತದ ವಿಂಧ್ಯ ಪರ್ವತಸಾಲು. ರಕ್ಷಣಾ ಸಚಿವಾಲಯದ ಹೇಳಿಕೆ ಮಾತ್ರ ಇದು ಕರ್ನಾಟಕದ ಗಿರಿಯ ಹೆಸರು ಎಂದಿತ್ತು. ಕನ್ನಡಿಗರ ಬಾಯಲ್ಲಿ ವಿಂಧ್ಯಗಿರಿ ಎಂದರೆ ಶ್ರವಣಬೆಳಗೊಳದ ದೊಡ್ಡಬೆಟ್ಟ. ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಅಂಗಾಲು ಚುರುಗುಟ್ಟಿಸಿಕೊಂಡು ಹೋದರೆ, ತುದಿಯಲ್ಲಿ 58 ಅಡಿ ಎತ್ತರದ ಗೊಮ್ಮಟ. ಮೈಮೇಲೆ ಒಂದೆಳೆ ನೂಲಿಲ್ಲ. ಕೈಯಲ್ಲಿ ಆಯುಧವಿಲ್ಲ.

ಕ್ಷಿಪಣಿ, ತೋಪು, ಟಾರ್ಪಿಡೊ ಹೊರುವ ಹಡಗಿಗೆ ಈ ಬೆಟ್ಟದ ಹೆಸರು. ಬೆಟ್ಟ, ನದಿ, ನಗರಗಳ ಹೆಸರಿಡುವುದು ನೌಕಾಪಡೆಯ ವಾಡಿಕೆ, ಇದೂ ಹಾಗೇ ಬಂದಿದೆ ಎಂದು ಮಾತು ಮುಗಿಸಬಹುದು. ಆದರೆ ಮಗುವಿಗೆ ಅಜ್ಜನ ಹೆಸರಿಟ್ಟ ಮೇಲೆ ಅಜ್ಜನ ನಡತೆಯನ್ನು ಮಗುವಿನಲ್ಲಿ ಹುಡುಕುವ ಜನ ಇಲ್ಲಿನವರು. ಕೊಲ್ಲಬಾರದು ಎನ್ನುವುದನ್ನೇ ಧರ್ಮದ ಬೇರೆಂದು ತಿಳಿದ ಜಾಗವೊಂದರ ಹೆಸರನ್ನು ಕೊಲ್ಲಬಲ್ಲ ಯಂತ್ರದ ಬೆನ್ನಿಗೆ ಬರೆದರೆ, ಅದು ಹೆಸರಿಗೆ ಆದ ಅಪಚಾರವೋ ಹಡಗಿಗೆ ಹೊರಿಸಿದ ಹೊಣೆಯೋ? ಈ ಪ್ರಶ್ನೆ ಕೇಳಲೇಬೇಕಾದದ್ದು.

ಭಾರತದಲ್ಲಿ ಯುದ್ಧನೌಕೆ ನೀರಿಗಿಳಿಯುವ ದಿನ ಒಂದು ಮನೆಯ ಶುಭಕಾರ್ಯದ ಹಾಗೆ ನಡೆಯುತ್ತದೆ. ಅಥರ್ವವೇದದ ಮಂತ್ರ ಕೇಳುತ್ತದೆ, ತೆಂಗಿನಕಾಯಿ ಒಡೆಯುತ್ತಾರೆ, ಹಡಗನ್ನು ಹರಸಿ ಕಳುಹಿಸುವ ಕೆಲಸ ಹೆಣ್ಣುಮಗಳದು. ನೌಕಾಪಡೆಯ ಧ್ಯೇಯವಾಕ್ಯವೂ ತೈತ್ತಿರೀಯ ಉಪನಿಷತ್ತಿನ ಶಾಂತಿಮಂತ್ರದಿಂದ ಬಂದದ್ದು, ವರುಣನು ಒಳಿತು ಮಾಡಲಿ ಎಂಬ ಪ್ರಾರ್ಥನೆ. ಕಾದಾಡಲೆಂದೇ ಇರುವ ಪಡೆಯೊಂದು ಶಾಂತಿಮಂತ್ರದ ತುಣುಕನ್ನು ಲಾಂಛನದಲ್ಲಿ ಹೊತ್ತಿದೆ. ಅಂದಮೇಲೆ ಈ ಇಕ್ಕಟ್ಟು ವಿಂಧ್ಯಗಿರಿ ಒಂದರದ್ದೇ ಅಲ್ಲ. ವಿಂಧ್ಯಗಿರಿಯಲ್ಲಿ ಅದು ಹೆಚ್ಚು ಚುಚ್ಚುತ್ತದೆ, ಅಷ್ಟೆ.

ಹೆಚ್ಚು ಚುಚ್ಚುವುದಕ್ಕೆ ಆ ಬೆಟ್ಟದ ಚರಿತ್ರೆಯೇ ಕಾರಣ. ಗೊಮ್ಮಟನನ್ನು ಕಡೆಸಿದವನು ಮುನಿಯಲ್ಲ, ಸೇನಾಪತಿ. ಗಂಗ ದೊರೆಗಳಾದ ಮಾರಸಿಂಹ, ರಾಚಮಲ್ಲ ಇಬ್ಬರಿಗೂ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ. ಸಮರಪರಶುರಾಮ, ವೀರಮಾರ್ತಾಂಡ, ರಣರಂಗಸಿಂಗ: ಇವು ಅವನ ಬಿರುದುಗಳು, ರಣರಂಗದಲ್ಲಿ ಗಳಿಸಿದವು. ಅದೇ ಮನುಷ್ಯ 978ರಲ್ಲಿ ಕನ್ನಡ ಗದ್ಯದಲ್ಲಿ 'ಚಾವುಂಡರಾಯ ಪುರಾಣ' ಬರೆದ. ಸಂಸ್ಕೃತದಲ್ಲಿ 'ಚಾರಿತ್ರಸಾರ' ಎಂಬ ಆಚಾರಗ್ರಂಥವೂ ಅವನ ಹೆಸರಿನಲ್ಲಿದೆ. 981ರ ಹೊತ್ತಿಗೆ ದೊಡ್ಡಬೆಟ್ಟದ ತುದಿಯ ಬಂಡೆ ಬಾಹುಬಲಿಯಾಯಿತು.

ಅವನೊಬ್ಬನೇ ಅಲ್ಲ. ಗೊಮ್ಮಟನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಎದುರಿನ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವರ ಕಂಬವಿದೆ. ಗಂಗ ಮಾರಸಿಂಹನ ಕದನಗಳನ್ನು ಒಂದೊಂದಾಗಿ ಹೇಳುತ್ತ ಹೋಗುವ ಅದರ ಶಾಸನ ಕೊನೆಗೆ ಬಂದು ನಿಲ್ಲುವುದು, ಅವನು ರಾಜ್ಯ ಬಿಟ್ಟು ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಉಪವಾಸದಿಂದ ದೇಹ ಬಿಟ್ಟ ಮಾತಿಗೆ. ಚಂದ್ರಗುಪ್ತ ಮೌರ್ಯನೂ ಸಾಮ್ರಾಜ್ಯ ತೊರೆದು ಇಲ್ಲಿಗೇ ಬಂದನೆಂದು ಪರಂಪರೆ ನಂಬುತ್ತದೆ. ಶ್ರವಣಬೆಳಗೊಳ ಕತ್ತಿ ಕಾಣದವರ ಊರಲ್ಲ. ಕತ್ತಿ ಹಿಡಿದು ದಣಿದವರು ಅದನ್ನು ಎಲ್ಲಿ ಇಳಿಸುವುದೆಂದು ಹುಡುಕುತ್ತ ಬಂದ ಊರು.

ದೊಡ್ಡಬೆಟ್ಟ ಹತ್ತುವ ದಾರಿಯಲ್ಲಿ ತ್ಯಾಗದ ಬ್ರಹ್ಮದೇವರ ಕಂಬ ಸಿಗುತ್ತದೆ. ಚಾವುಂಡರಾಯ ದಾನ ಮಾಡುತ್ತ ನಿಲ್ಲುತ್ತಿದ್ದ ಜಾಗವೆಂದು ಹೇಳುತ್ತಾರೆ. ಕಂಬದ ಬುಡ ನೆಲಕ್ಕೆ ತಾಗಿಯೇ ಇಲ್ಲ, ಬಟ್ಟೆ ತೂರಿಸಬಹುದು ಎಂದು ಮಕ್ಕಳು ಬಗ್ಗಿ ನೋಡುತ್ತಾರೆ. ಆ ಕಂಬದ ನಾಲ್ಕು ಬದಿಗೂ ಒಂದು ಕಾಲದಲ್ಲಿ ಬರಹವಿತ್ತು. ಮುಂದೆ ಹೆಗ್ಗಡೆ ಕಣ್ಣ ಎಂಬಾತ ತನ್ನದೊಂದು ಪುಟ್ಟ ಶಾಸನ ಕೆತ್ತಿಸಲು ಮೂರು ಬದಿಯ ಬರಹವನ್ನು ಉಜ್ಜಿಸಿಬಿಟ್ಟ. ಉಳಿದಿರುವ ಒಂದು ಬದಿಯಲ್ಲಿ ಈಗಲೂ ಓದಲು ಸಿಗುವುದು ಚಾವುಂಡರಾಯನ ಯುದ್ಧಪರಾಕ್ರಮ. ಚರಿತ್ರೆಯ ದೃಷ್ಟಿಯಿಂದ ಅದು ದೊಡ್ಡ ನಷ್ಟ. ಆದರೂ ಗಮನಿಸಬೇಕಾದ ಸಂಗತಿಯೊಂದು ಅಲ್ಲಿದೆ: ಗೊಮ್ಮಟನ ಸನ್ನಿಧಿಗೆ ಹೋಗುವ ದಾರಿಯಲ್ಲೇ ಆ ಸೇನಾಪತಿ ತನ್ನ ಕದನಗಳ ಲೆಕ್ಕವನ್ನು ನಿಲ್ಲಿಸಿದ್ದ. ಅವನ್ನು ಬಚ್ಚಿಟ್ಟುಕೊಂಡು ಮೇಲೆ ಹೋಗಲಿಲ್ಲ.

ಬಾಹುಬಲಿಯ ಕತೆ ಕನ್ನಡಿಗರಿಗೆ ಹೊಸದಲ್ಲ. ಪಂಪ 941ರಲ್ಲೇ 'ಆದಿಪುರಾಣ'ದಲ್ಲಿ ಹೇಳಿದ್ದು. ಹಡಗಿನ ಪಕ್ಕದಲ್ಲಿ ಇಟ್ಟು ನೋಡಿದಾಗ ಅದರ ಕೆಲವು ಎಳೆಗಳು ಬೇರೆಯಾಗಿ ಕಾಣುತ್ತವೆ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಇನ್ನೂ ತಲೆಬಾಗದವರು ಇದ್ದಾರೆ ಎಂದು ಅದರ ಅರ್ಥ. ಉಳಿದ ತಮ್ಮಂದಿರು ದೀಕ್ಷೆ ತೆಗೆದುಕೊಂಡು ಹೊರಟುಹೋಗುತ್ತಾರೆ. ಪೌದನಪುರದ ಬಾಹುಬಲಿ ಒಪ್ಪುವುದಿಲ್ಲ. ಎರಡು ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬರುತ್ತಾರೆ: ಅಣ್ಣತಮ್ಮಂದಿರ ಹಟಕ್ಕೆ ಸೈನಿಕರು ಯಾಕೆ ಸಾಯಬೇಕು, ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ. ಹೀಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಎವೆಯಿಕ್ಕದೆ ನೋಡುವುದು, ನೀರೆರಚುವುದು, ಕೈಗೆ ಕೈ ಹಿಡಿಯುವುದು. ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದ ಕೈ ನೆಲಕ್ಕೆ ಅಪ್ಪಳಿಸದೆ ತಡೆಯುತ್ತದೆ. ಅವಮಾನ ತಾಳದ ಭರತ ಚಕ್ರವನ್ನೇ ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಆಮೇಲಷ್ಟೇ ವೈರಾಗ್ಯ.

ಸೈನ್ಯವನ್ನು ಉಳಿಸುವ ಉಪಾಯ, ಎತ್ತಿದ ಕೈ ತಡೆದದ್ದು, ಯಾರನ್ನು ಕೊಲ್ಲಬಾರದೆಂದು ಆಯುಧಕ್ಕೇ ಗೊತ್ತಿದ್ದದ್ದು. ಈ ಮೂರೂ ಯುದ್ಧದ ಒಳಗಿನ ಸಂಗತಿಗಳು, ಸಂನ್ಯಾಸದವಲ್ಲ. ಆದ್ದರಿಂದಲೇ ಹಡಗಿಗೆ ಇವುಗಳ ಮುಂದೆ ಉತ್ತರ ಹೇಳಬೇಕಾದ ಕಟ್ಟು ಇದೆ.

ಹಡಗು ಎಂಥದ್ದೆಂದು ನೋಡೋಣ. ಪ್ರಾಜೆಕ್ಟ್ 17ಎ ಎಂಬ ಯೋಜನೆಯ ಏಳು ಫ್ರಿಗೇಟುಗಳಲ್ಲಿ ವಿಂಧ್ಯಗಿರಿ ಒಂದು. ನೀಲಗಿರಿ, ಹಿಮಗಿರಿ, ಉದಯಗಿರಿ, ತಾರಾಗಿರಿ, ದುನಾಗಿರಿ, ಮಹೇಂದ್ರಗಿರಿ ಇದರ ಒಡಹುಟ್ಟುಗಳು. ನಾಲ್ಕು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ, ಮೂರು ಕೋಲ್ಕತ್ತದಲ್ಲಿ ರೂಪುಗೊಂಡವು. ಮೊದಲನೆಯದಾದ ನೀಲಗಿರಿ 2025ರ ಜನವರಿ 15ರಂದು ಸೇವೆಗೆ ಸೇರಿತು. ಅದೇ ವರ್ಷ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಹಿಮಗಿರಿ, ಉದಯಗಿರಿ ಒಟ್ಟಿಗೆ ಸೇರಿದವು. ಉದ್ದ 149 ಮೀಟರ್, ತೂಕ ಸುಮಾರು 6,670 ಟನ್. ನಿಧಾನವಾಗಿ ಹೋಗುವಾಗ ಡೀಸೆಲ್ ಎಂಜಿನ್, ಓಡಬೇಕಾದಾಗ ಗ್ಯಾಸ್ ಟರ್ಬೈನ್. ಒಂದು ನಡೆಯುವಾಗ ಇನ್ನೊಂದು ಸುಮ್ಮನಿರುತ್ತದೆ. ಗರಿಷ್ಠ ವೇಗ 28 ನಾಟ್, ಅಂದರೆ ಗಂಟೆಗೆ ಐವತ್ತು ಕಿಲೋಮೀಟರಿಗೂ ತುಸು ಹೆಚ್ಚು. ಟರ್ಬೈನುಗಳು ಸಿದ್ಧವಾಗುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ನೀರಿನಡಿಯ ಸದ್ದನ್ನು ಆಲಿಸುವ ಸೋನಾರ್ ತಯಾರಾಗುವುದು ಬೆಂಗಳೂರಿನ ಬಿಇಎಲ್‌ನಲ್ಲಿ. ಹೆಸರಿನ ಜೊತೆಗೆ ಕಿವಿಯೂ ಉಸಿರೂ ಕರ್ನಾಟಕದವೇ.

ಈ ವರ್ಗದ ಹಡಗನ್ನು ಪಕ್ಕದಿಂದ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ನುಣುಪು. ಗೋಡೆಗಳೆಲ್ಲ ಓರೆ. ದೋಣಿ, ಹಗ್ಗ, ಕಂಬಿಗಳು ಹಲಗೆಗಳ ಹಿಂದೆ ಅಡಗಿವೆ. ರಡಾರ್ ಕಿರಣ ಬಂದು ತಾಗಿದರೆ ತಿರುಗಿ ಬಂದ ದಾರಿಗೆ ಹೋಗದಂತೆ ಅತ್ತಿತ್ತ ಚದುರಿಸುವುದಕ್ಕಾಗಿ ಈ ಓರೆ. ಹೊಗೆಯ ಬಿಸಿಯನ್ನು ತಣಿಸಿ ಹೊರಬಿಡುತ್ತಾರೆ. ಯಂತ್ರದ ಅದುರು ಸಮುದ್ರಕ್ಕೆ ಇಳಿಯದಂತೆ ಮೆತ್ತೆಯ ಮೇಲೆ ಕೂರಿಸುತ್ತಾರೆ. ಇಷ್ಟೆಲ್ಲ ಜಾಣ್ಮೆ ಒಂದೇ ಗುರಿಗೆ: ಕಾಣಿಸಬಾರದು, ಕೇಳಿಸಬಾರದು.

ಅತ್ತ ಬೆಟ್ಟದ ಮೇಲಿನವನನ್ನು ನೆನೆಯಿರಿ. ಹರದಾರಿಗಟ್ಟಲೆ ದೂರದಿಂದ, ತೆಂಗಿನ ತೋಟಗಳ ಆಚೆಯಿಂದಲೇ ಅವನ ಭುಜ ಕಾಣುತ್ತದೆ. ದಿಗಂಬರತ್ವ ಎಂದರೆ ಬಟ್ಟೆ ಬಿಡುವುದಷ್ಟೇ ಅಲ್ಲ, ಮರೆಮಾಚಲು ಏನನ್ನೂ ಉಳಿಸಿಕೊಳ್ಳದಿರುವುದು. ಅವನ ಕಾಲ ಬಳಿ ಹುತ್ತಗಳಿವೆ, ಹುತ್ತದಿಂದ ಹಾವು ಹೊರಬರುತ್ತವೆ, ಬಳ್ಳಿ ತೊಡೆ ಹಬ್ಬಿ ತೋಳಿಗೇರಿದೆ. ಮೈಮೇಲೆ ಬೆಳೆಯಲು ಬಂದ ಯಾವ ಜೀವವನ್ನೂ ಅವನು ಕೊಡವಿಕೊಳ್ಳಲಿಲ್ಲ. ಹಡಗಿನ ಕತೆ ಇಲ್ಲಿಯೂ ತಿರುಗುಮುರುಗು. ನೀರೊಳಗಿನ ಅದರ ಮೈಗೆ ಪಾಚಿ, ಚಿಪ್ಪುಜೀವಿಗಳು ಮೆತ್ತಿಕೊಳ್ಳುತ್ತವೆ. ವೇಗ ಕುಗ್ಗುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಅದಕ್ಕೆಂದೇ ಆ ಜೀವಿಗಳು ಅಂಟದಂತೆ, ಅಂಟಿದರೆ ಬದುಕದಂತೆ ಬಣ್ಣ ಬಳಿಯುತ್ತಾರೆ. ಆಗಾಗ ಡ್ರೈ ಡಾಕ್‌ಗೆ ಎಳೆದು ಕೆರೆದು ತೆಗೆಯುತ್ತಾರೆ. ಶತ್ರುವಿನ ಮುಖ ನೋಡುವ ಮೊದಲೇ, ಶಾಂತಿಕಾಲದಲ್ಲಿ ಬಂದರಿನಲ್ಲಿ ನಿಂತಲ್ಲೇ, ಹಡಗಿನ ಹಿಂಸೆ ಶುರುವಾಗಿರುತ್ತದೆ. ಒಂದು ಇಂದ್ರಿಯದ ಜೀವವನ್ನೂ ಎಣಿಕೆಗೆ ತೆಗೆದುಕೊಳ್ಳುವ ಜೈನ ಕಣ್ಣಿಗೆ ಇದು ಸಣ್ಣ ಮಾತಲ್ಲ. ಮೀನುಗಾರನ ದೋಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಜೈನ ಆಚಾರ್ಯರು ಮರೆತಿಲ್ಲ. ಅವರ ವಿಂಗಡಣೆ ಅದಕ್ಕೆಂದೇ ಇದೆ.

ಹಿಂಸೆಯನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ. ಅಡುಗೆ, ಕಸಬರಿಕೆ, ಮನೆ ಕಟ್ಟುವುದರಲ್ಲಿ ಆಗುವ ಆರಂಭೀ ಹಿಂಸೆ. ಬೇಸಾಯ, ವ್ಯಾಪಾರದಲ್ಲಿ ಆಗುವ ಉದ್ಯೋಗೀ ಹಿಂಸೆ. ಮೇಲೆರಗಿ ಬಂದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ. ಮುನಿಗೆ ನಾಲ್ಕೂ ನಿಷಿದ್ಧ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಚಾವುಂಡರಾಯ ಸೇನೆ ನಡೆಸಿಯೂ ಶ್ರಾವಕನಾಗಿ ಉಳಿದದ್ದು ಈ ನಾಲ್ಕನೆಯ ಬಾಗಿಲಿನಿಂದ.

ಆದರೆ ಈ ಬಾಗಿಲಿಗೆ ಒಂದು ಬಿಗಿ ಇದೆ, ಅದು ಎಷ್ಟೋ ಸಲ ಮರೆತುಹೋಗುತ್ತದೆ. ಭಗವದ್ಗೀತೆಯ ದಾರಿಯಲ್ಲಿ ಸ್ವಧರ್ಮವೆಂದು, ಫಲದ ಆಸೆಯಿಲ್ಲದೆ ಕಾದಿದ ಕ್ಷತ್ರಿಯನಿಗೆ ಪಾಪ ಅಂಟುವುದಿಲ್ಲ. ಜೈನರು ಅಷ್ಟು ಸುಲಭವಾಗಿ ಬಿಡುವುದಿಲ್ಲ. ವಿರೋಧೀ ಹಿಂಸೆ ಅನಿವಾರ್ಯವಾದರೂ ಅದರ ಹೆಸರು ಹಿಂಸೆಯೇ. ಅದರ ಕರ್ಮ ಅಂಟುತ್ತದೆ, ಒಂದಲ್ಲ ಒಂದು ದಿನ ಕಳೆಯಬೇಕು. ಅದನ್ನು ಯಾರೂ ಪುಣ್ಯ ಎಂದು ಹೆಸರು ಬದಲಿಸಿ ಕರೆಯುವ ಹಾಗಿಲ್ಲ. ದೇಶ ಕಾಯುವವರ ಬಗ್ಗೆ ಗೌರವ ಇಟ್ಟುಕೊಂಡೇ, ಅವರು ಮಾಡಬೇಕಾಗಿ ಬರುವ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಕಾಣಲು ಈ ಬಿಗಿ ಬೇಕು. ನಾವಿಕರ ಮನಸ್ಸಿನ ಮೇಲೆ ಬೀಳುವ ಭಾರಕ್ಕೆ ಹೆಚ್ಚು ನ್ಯಾಯ ಸಿಗುವುದೂ ಈ ದಾರಿಯಲ್ಲೇ, ಯಾಕೆಂದರೆ ಇಲ್ಲಿ ಯಾರೂ ಅವರಿಗೆ ಭಾರವೇ ಇಲ್ಲ ಎಂದು ಹೇಳುವುದಿಲ್ಲ.

ಹಡಗಿನ ಕ್ಷಿಪಣಿಗಳನ್ನು ಎಣಿಸಿದರೆ ವಿರೋಧೀ ಹಿಂಸೆಯ ಮಾತಿಗೆ ಒಂದಿಷ್ಟು ಬಲ ಬರುತ್ತದೆ. ಬರುವ ವಿಮಾನ, ಕ್ಷಿಪಣಿಗಳನ್ನು ಆಕಾಶದಲ್ಲೇ ಒಡೆಯುವ ಬರಾಕ್-8ಕ್ಕೆ 32 ಗೂಡುಗಳು. ಶತ್ರುವಿನ ಹಡಗನ್ನೋ ನೆಲೆಯನ್ನೋ ಹೊಡೆಯುವ ಬ್ರಹ್ಮೋಸ್‌ಗೆ 8. ಕಾಯುವ ಬಾಣ ಹೆಚ್ಚು, ಕೊಲ್ಲುವ ಬಾಣ ಕಡಿಮೆ. ಹಾಗೆಂದು ಪೂರ್ತಿ ಸಮಾಧಾನಪಡುವಂತಿಲ್ಲ. ಗುರಾಣಿ ಗಟ್ಟಿಯಾದಷ್ಟೂ ಕತ್ತಿ ಬೀಸುವವನಿಗೆ ಧೈರ್ಯ ಹೆಚ್ಚುತ್ತದೆ.

ಬ್ರಹ್ಮೋಸ್ ಬಗ್ಗೆ ಇನ್ನೊಂದು ಮಾತು ಇದೆ. ನೌಕೆಯ ಮೇಲಟ್ಟದಲ್ಲಿ, ನೀರಿನಿಂದ ಇಪ್ಪತ್ತು ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಕಾಣುವುದು ಹದಿನಾರು ಕಿಲೋಮೀಟರ್ ಆಸುಪಾಸು. ಬ್ರಹ್ಮೋಸ್‌ಗೆ ಮೊದಲಿನಿಂದ ಹೇಳುತ್ತ ಬಂದ ವ್ಯಾಪ್ತಿಯೇ 290 ಕಿಲೋಮೀಟರ್. ಸದ್ದಿನ ಮೂರು ಪಟ್ಟಿಗೆ ಹತ್ತಿರದ ವೇಗದಲ್ಲಿ ಅದು ಆ ದೂರವನ್ನು ಐದಾರು ನಿಮಿಷದಲ್ಲಿ ಮುಗಿಸುತ್ತದೆ. ತೀರ್ಮಾನ ಆಗುವುದು ಕಿಟಕಿಯಿಲ್ಲದ ಮಬ್ಬುಗತ್ತಲೆಯ ಕೋಣೆಯಲ್ಲಿ, ಪರದೆಯ ಮೇಲೆ ಶತ್ರು ಒಂದು ಗುರುತು ಮಾತ್ರ. ಯಾರನ್ನು ಹೊಡೆಯುತ್ತಿದ್ದಾರೋ ಅವರ ಹಡಗನ್ನು ಹೊಡೆಯುವವರು ಕಣ್ಣಾರೆ ನೋಡುವುದೇ ಇಲ್ಲ. ಬಾಹುಬಲಿಯ ಮೊದಲ ಯುದ್ಧ ದೃಷ್ಟಿಯುದ್ಧ. ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ನಿಂತವನಿಗೆ ಕೊನೆಯಲ್ಲಿ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲು ಕೈ ಬರಲಿಲ್ಲ. ಮುಖ ನೋಡಿದವನ ಕೈ ತಡೆಯುತ್ತದೆ. ಮುಖವನ್ನೇ ತೆಗೆದುಹಾಕಿದ ಯುದ್ಧದಲ್ಲಿ ಕೈಯನ್ನು ತಡೆಯುವುದು ಯಾವುದು? ಗೆಳೆಯ ಯಾರು, ಶತ್ರು ಯಾರು ಎಂದು ಸಂಕೇತದಿಂದ ಕೇಳಿ ತಿಳಿಯುವ ಉಪಕರಣ ಹಡಗಿನಲ್ಲಿದೆ. ಅದಕ್ಕೆ ಸಂಕೇತ ಗೊತ್ತು. ಭರತನ ಚಕ್ರಕ್ಕೆ ಗೊತ್ತಿದ್ದದ್ದು ಅದಕ್ಕೆ ಗೊತ್ತಿಲ್ಲ.

ಇದು ಪುರಾಣದ ಮಾತು ಎಂದು ತಳ್ಳಿಹಾಕುವ ಮುನ್ನ 2008ರ ನವೆಂಬರ್ 18ನ್ನು ನೆನೆಯಬೇಕು. ಅಂದು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲಿಗಿದ್ದ ಭಾರತದ ಫ್ರಿಗೇಟ್ ತಬರ್‌ಗೆ ಸಂಶಯಾಸ್ಪದ ಹಡಗೊಂದು ಎದುರಾಯಿತು. ನಿಲ್ಲಲು ಹೇಳಿದರೂ ನಿಲ್ಲಲಿಲ್ಲ, ಮೇಲ್ಗಡೆ ಆಯುಧ ಹಿಡಿದವರಿದ್ದರು, ಸಿಡಿಸುತ್ತೇವೆಂದು ಬೆದರಿಸಿ ಗುಂಡು ಹಾರಿಸಿದರು. ಆತ್ಮರಕ್ಷಣೆಗೆ ತಬರ್ ಹೊಡೆಯಿತು, ಹಡಗು ಉರಿದು ಮುಳುಗಿತು ಎಂದು ನೌಕಾಪಡೆ ತಿಳಿಸಿತು. ಕಡಲ್ಗಳ್ಳರ ತಾಯಿಹಡಗು ಮುಳುಗಿತೆಂದು ಸುದ್ದಿಯಾಯಿತು. ಕೆಲವು ದಿನಗಳಲ್ಲಿ ಅಂತರರಾಷ್ಟ್ರೀಯ ಸಾಗರ ಬ್ಯೂರೊದಿಂದ ಬೇರೆ ಸಂಗತಿ ಹೊರಬಂತು. ಅದು ಏಕಾವತ್ ನಾವಾ 5 ಎಂಬ ಥಾಯ್ಲೆಂಡಿನ ಮೀನುಗಾರಿಕೆ ಹಡಗು, ಕಡಲ್ಗಳ್ಳರು ಅದನ್ನು ಆಗಷ್ಟೇ ವಶಮಾಡಿಕೊಂಡಿದ್ದರು. ಬೆಸ್ತರು ಒಳಗೇ ಸೆರೆಯಲ್ಲಿದ್ದರು. ಹದಿನಾಲ್ಕು ಮಂದಿ ಕಾಣೆಯಾದರು. ದಿನಗಟ್ಟಲೆ ನೀರಿನಲ್ಲಿ ತೇಲಿ ಬದುಕುಳಿದವನು ಕಾಂಬೋಡಿಯಾದ ಒಬ್ಬನೇ.

ತಬರ್‌ನವರನ್ನು ಕೊಲೆಗಾರರೆನ್ನುವುದು ಅನ್ಯಾಯ. ಆ ಸಂಜೆಯ ನೀರಿನ ಮೇಲೆ ನಿಂತವರಿಗೆ ಕಂಡದ್ದು ಆಯುಧಗಳು. ಹಾಗೆಂದು ಆ ಬೆಸ್ತರ ಸಾವನ್ನು ಯುದ್ಧದ ಲೆಕ್ಕದಲ್ಲಿ ಸೇರಿಸಿ ಕೈ ತೊಳೆದುಕೊಳ್ಳುವುದೂ ಅನ್ಯಾಯವೇ. ಎರಡರ ನಡುವೆ ದಾರಿ ತೋರಲು ಜೈನ ತರ್ಕ ಇಲ್ಲಿ ಅಚ್ಚರಿಪಡುವಷ್ಟು ಚುರುಕಾಗಿ ಕೆಲಸ ಮಾಡುತ್ತದೆ. 'ತತ್ತ್ವಾರ್ಥಸೂತ್ರ' ಹಿಂಸೆಯನ್ನು ಹೇಳುವಾಗ ಜೀವ ಹೋಯಿತೆಂಬುದೊಂದನ್ನೇ ನೋಡುವುದಿಲ್ಲ. ಪ್ರಮಾದದಿಂದ, ಅಂದರೆ ಮೈಮರೆವು, ರೋಷ, ಅಜಾಗರೂಕತೆಗಳಿಂದ ಹೋಯಿತೇ ಎಂದು ಕೇಳುತ್ತದೆ. ಹೆಚ್ಚುಕಡಿಮೆ ಚಾವುಂಡರಾಯನ ಕಾಲದವನೇ ಆದ ಅಮೃತಚಂದ್ರ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅದನ್ನೇ ಮುಂದಕ್ಕೆ ಒಯ್ಯುತ್ತಾನೆ: ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಅರಿವಿಲ್ಲದೆ ಜೀವವೊಂದು ಹೋದರೆ ಅವನು ಹಿಂಸಕನಲ್ಲ, ಎಚ್ಚರವಿಲ್ಲದೆ ನಡೆಯುವವನ ಕಾಲಡಿಯಲ್ಲಿ ಯಾವ ಜೀವ ಹೋಗದಿದ್ದರೂ ಅವನು ಹಿಂಸಕನೇ.

ಈ ಎರಡನೆಯ ಮಾತು ಇಂದಿನ ಯುದ್ಧನೌಕೆಗೆಂದೇ ಹೇಳಿದ ಹಾಗಿದೆ. 2022ರ ಮಾರ್ಚ್ 9ರಂದು ವಾಯುಪಡೆಯ ನೆಲೆಯೊಂದರಿಂದ ಬ್ರಹ್ಮೋಸ್ ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಯಾರೂ ಸಾಯಲಿಲ್ಲ. ಆದರೂ ವಿಚಾರಣೆ ನಡೆಯಿತು, ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳು ಸೇವೆಯಿಂದ ವಜಾ ಆದರು. ಯಾರೂ ಸಾಯದಿದ್ದರೂ ತಪ್ಪು ತಪ್ಪೇ ಎಂಬ ಆ ತೀರ್ಮಾನ ಅಮೃತಚಂದ್ರನ ಮಾತಿಗೆ ಒಪ್ಪುತ್ತದೆ. ಆಯುಧ ದೊಡ್ಡದಾದಷ್ಟೂ ಪ್ರಮಾದದ ಬೆಲೆ ದೊಡ್ಡದು. ಫ್ರಿಗೇಟಿನಲ್ಲಿ ಹಗಲಿರುಳು ನಡೆಯುವ ತಾಲೀಮು, ಪರೀಕ್ಷೆ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಮತ್ತೆ ಹೇಳಿ ಖಚಿತಪಡಿಸುವ ಶಿಸ್ತು, ಇದನ್ನೆಲ್ಲ ಗೆಲುವಿನ ಸಿದ್ಧತೆ ಎಂದಷ್ಟೇ ನೋಡುವುದು ರೂಢಿ. ಜೈನ ಮುನಿ ನೊಗದಳತೆ ದೂರ ನೆಲ ನೋಡಿ ಹೆಜ್ಜೆಯಿಡುವುದಕ್ಕೆ ಈರ್ಯಾಸಮಿತಿ ಎನ್ನುತ್ತಾರೆ. ಹಡಗಿನ ಶಿಸ್ತಿನಲ್ಲಿ ಈರ್ಯಾಸಮಿತಿಯ ಒಂದು ದೂರದ ನೆಂಟಸ್ತಿಕೆ ಇದೆ. ಕೊಲ್ಲುವ ಶಕ್ತಿ ಇರುವವನೇ ಎಲ್ಲರಿಗಿಂತ ನಿಧಾನವಾಗಿ, ಎಲ್ಲರಿಗಿಂತ ಹೆಚ್ಚು ನೋಡಿ ಕಾಲಿಡಬೇಕು.

ಹಾಗೆ ನಿಧಾನಿಸಿದ ಉದಾಹರಣೆಯೂ ಇದೇ ನೌಕಾಪಡೆಯಲ್ಲಿದೆ. 2024ರ ಮಾರ್ಚ್‌ನಲ್ಲಿ ಸೋಮಾಲಿಯಾದ ಕಡಲ್ಗಳ್ಳರು ವಶಮಾಡಿಕೊಂಡಿದ್ದ ರುಯೆನ್ ಎಂಬ ಸರಕು ಹಡಗನ್ನು, ಭಾರತದ ಕರಾವಳಿಯಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, ಐಎನ್‌ಎಸ್ ಕೋಲ್ಕತ್ತ ಅಡ್ಡಗಟ್ಟಿತು. ಅದು ಫ್ರಿಗೇಟ್ ಅಲ್ಲ, ಅದಕ್ಕಿಂತ ದೊಡ್ಡ ಡೆಸ್ಟ್ರಾಯರ್. ಒಳಗೆ 17 ಸಿಬ್ಬಂದಿ ಒತ್ತೆಯಲ್ಲಿದ್ದರು. ಕಡಲ್ಗಳ್ಳರು ಗುಂಡು ಹಾರಿಸಿದರು, ನೌಕೆಯ ಡ್ರೋನ್ ಹೊಡೆದುಹಾಕಿದರು. ಮುಳುಗಿಸುವುದು ಕೋಲ್ಕತ್ತಕ್ಕೆ ಕೆಲವು ನಿಮಿಷದ ಕೆಲಸ. ಅದು ಹಡಗು ಮುಂದೆ ಹೋಗದಂತೆ ಮಾತ್ರ ಮಾಡಿ ಕಾದು ನಿಂತಿತು. ಆಕಾಶದಿಂದ ಕಮಾಂಡೊಗಳು ಇಳಿದರು. ಸುಮಾರು ನಲವತ್ತು ಗಂಟೆಗಳ ಬಳಿಕ 35 ಕಡಲ್ಗಳ್ಳರೂ ಶರಣಾದರು, 17 ಮಂದಿಯೂ ಗಾಯವಿಲ್ಲದೆ ಹೊರಬಂದರು. ನಲವತ್ತು ಗಂಟೆ ಎವೆಯಿಕ್ಕದೆ ನೋಡುತ್ತ ನಿಂತು ಗೆದ್ದ ಆ ಯುದ್ಧಕ್ಕೆ ಪಂಪನ ಕಾಲದಿಂದ ಕನ್ನಡದಲ್ಲಿ ಹೆಸರಿದೆ.

ಇಲ್ಲಿ ಒಂದು ಸುಲಭದ ಜಾರುದಾರಿ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚಿಡಬಾರದು. ಬಲವಿದ್ದೂ ಹೊಡೆಯದ ಹಡಗು ಬಾಹುಬಲಿಯೇ ಆಯಿತು, ಹೆದರಿಸಿ ಯುದ್ಧ ತಪ್ಪಿಸುವುದೇ ಅಹಿಂಸೆ ಎಂದು ಹೇಳುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಹೆದರಿಸುವವನು ಮರುದಿನ ಬೆಳಿಗ್ಗೆಯೂ ಆಯುಧ ಹಿಡಿದೇ ನಿಂತಿರಬೇಕು. ಕೈಬಿಟ್ಟ ಗಳಿಗೆಯಲ್ಲಿ ಹೆದರಿಕೆ ಮುಗಿಯುತ್ತದೆ. ಬಾಹುಬಲಿ ಅಣ್ಣನನ್ನು ಕೆಳಗಿಳಿಸಿದ ಮೇಲೆ ಗೆದ್ದ ರಾಜ್ಯವನ್ನೂ ಇಳಿಸಿದ. ಅಷ್ಟಾದರೂ ಅವನಿಗೆ ಬೇಗ ಕೇವಲಜ್ಞಾನ ಆಗಲಿಲ್ಲವೆನ್ನುತ್ತಾರೆ. ತಾನು ನಿಂತ ನೆಲ ಭರತನದು ಎಂಬ ಮುಳ್ಳೊಂದು ಒಳಗೆ ಉಳಿದಿತ್ತಂತೆ, ಭರತನೇ ಬಂದು ನಮಿಸುವವರೆಗೆ. ಎರಡು ಪಾದ ಊರುವಷ್ಟು ನೆಲದ ಮೇಲಿನ ಮಮಕಾರವೇ ಅಷ್ಟು ತೊಡಕು. ದಡದಿಂದ ಹನ್ನೆರಡು ನಾಟಿಕಲ್ ಮೈಲಿ ದೇಶದ ಕಡಲು, ಇನ್ನೂರು ಮೈಲಿಯವರೆಗೆ ಮೀನು, ಎಣ್ಣೆ, ಖನಿಜಗಳ ಹಕ್ಕು. ಇದನ್ನು ಕಾಯುವುದೇ ಫ್ರಿಗೇಟಿನ ಉದ್ಯೋಗ. ರಾಜ್ಯಕ್ಕೆ ಈ ಮಮಕಾರ ಬಿಡಲು ಬರುವುದಿಲ್ಲ. ಬಿಟ್ಟರೆ ಅದರ ಕಡಲಲ್ಲಿ ಬಲೆ ಬೀಸಿ ಬದುಕುವವರ ಗತಿಯೇನು? ಹಡಗು ಬಾಹುಬಲಿಯಾಗಲಾರದು. ಹೆಚ್ಚೆಂದರೆ ಚಾವುಂಡರಾಯನಾಗಬಹುದು, ಅದೂ ಕಡಿಮೆಯೇನಲ್ಲ.

ಚಾವುಂಡರಾಯನಾಗುವುದೆಂದರೆ ಲೆಕ್ಕ ಮುಚ್ಚಿಡದಿರುವುದು. ಕಾರವಾರದ ನೌಕಾನೆಲೆಯ ಲೆಕ್ಕವನ್ನೂ ಅದರಲ್ಲಿ ಸೇರಿಸಬೇಕು. ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳು ಖಾಲಿಯಾದವು, ಬೆಸ್ತರು ತಲೆಮಾರುಗಳಿಂದ ದೋಣಿ ಎಳೆಯುತ್ತಿದ್ದ ಮರಳದಂಡೆಗಳಿಗೆ ಬೇಲಿ ಬಿತ್ತು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಶುರುವಾದ ಮೇಲೂ ಪರಿಹಾರದ ಹಣಕ್ಕೆ ಆ ಮನೆಗಳವರು ವರ್ಷಗಟ್ಟಲೆ ನ್ಯಾಯಾಲಯ ಸುತ್ತಿದರು. ಒಂದು ಗುಂಡೂ ಹಾರದೆ ಆದ ನೋವು ಇದು. ನಾಲ್ಕು ಬಗೆಯಲ್ಲಿ ಇದನ್ನು ಯಾವುದರ ಕೆಳಗೆ ಬರೆಯಬೇಕೆಂಬುದಕ್ಕೆ ಆಚಾರ್ಯರಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಬರೆಯದೆ ಬಿಡಬೇಡಿ ಎಂದಂತೂ ಅವರು ಹೇಳಿಯಾರು.

ವಿಂಧ್ಯಗಿರಿ ಎಂಬ ಹೆಸರಿನಲ್ಲಿ ಈ ಮೊದಲೇ ಒಂದು ಹಡಗಿತ್ತು. ಬ್ರಿಟಿಷರ ಲಿಯಾಂಡರ್ ವಿನ್ಯಾಸವನ್ನು ಆಧರಿಸಿ ಮುಂಬೈಯಲ್ಲಿ ಕಟ್ಟಿದ ಆರು ಫ್ರಿಗೇಟುಗಳಲ್ಲಿ ಅದು ಕೊನೆಯದು. ಉದ್ದ 113 ಮೀಟರ್, ತೂಕ ಹೊಸದರ ಅರ್ಧಕ್ಕೂ ಕಡಿಮೆ, ಓಡುತ್ತಿದ್ದದ್ದು ಉಗಿಯಿಂದ. ಅದನ್ನೂ ಅದರ ಅಕ್ಕ ತಾರಾಗಿರಿಯನ್ನೂ ಹಿಂಬದಿಯಲ್ಲಿ ಬದಲಿಸಿ, ಜಲಾಂತರ್ಗಾಮಿ ಹುಡುಕುವ ದೊಡ್ಡ ಸೀ ಕಿಂಗ್ ಹೆಲಿಕಾಪ್ಟರ್ ಇಳಿಯುವಂತೆ ಮಾಡಿದ್ದರು. 1981ರ ಜುಲೈ 8ರಂದು ಸೇವೆಗೆ ಸೇರಿದ ಆ ಹಡಗು 2012ರ ಜೂನ್ 11ರವರೆಗೆ ಪಡೆಯ ಪಟ್ಟಿಯಲ್ಲಿತ್ತು. ಆ ಮೂವತ್ತೊಂದು ವರ್ಷದಲ್ಲಿ ಭಾರತದ ನೌಕಾಪಡೆ ಇನ್ನೊಂದು ದೇಶದ ನೌಕಾಪಡೆಯೊಡನೆ ಕಾದಾಟಕ್ಕೆ ಇಳಿಯಲಿಲ್ಲ.

2011ರ ಜನವರಿ 30, ಭಾನುವಾರ. ನಾವಿಕರ ಮನೆಯವರನ್ನು ಕರೆದುಕೊಂಡು ಹೋಗಿ ಸಮುದ್ರ ತೋರಿಸಿ ತರುವ ದಿನ ಅದು. ತಿರುಗಿ ಬರುವಾಗ ಮುಂಬೈ ಬಂದರಿನ ಕಾಲುವೆಯಲ್ಲಿ ಕಂಟೇನರ್ ಹಡಗೊಂದು ವಿಂಧ್ಯಗಿರಿಗೆ ಡಿಕ್ಕಿ ಹೊಡೆಯಿತು. ಒಳಗೆ ಬೆಂಕಿ ಹತ್ತಿತು. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಸುರಕ್ಷಿತವಾಗಿ ಇಳಿದರು. ನೌಕಾಪಡೆಯ ಹಡಗುಕಟ್ಟೆಗೆ ತಂದು ಕಟ್ಟಿದ ಮೇಲೆ ರಾತ್ರಿಯಿಡೀ ನೀರು ಹಾಯಿಸಿ ಬೆಂಕಿ ಆರಿಸಿದರು. ಮರುದಿನ ಹಡಗು ನಿಂತಲ್ಲೇ ಒಂದು ಬದಿಗೆ ವಾಲಿ, ಕಟ್ಟೆಗೆ ಕಟ್ಟಿದ ಹಗ್ಗದಲ್ಲೇ ಮುಳುಗಿತು. ಯಾರ ಜೀವವೂ ಹೋಗಲಿಲ್ಲ. ಮುಂದೆ ಅದನ್ನು ಮೇಲೆತ್ತಿದರು, ನಿವೃತ್ತಿ ಕೊಟ್ಟರು, ಹೆಸರನ್ನು ಮಾತ್ರ ಉಳಿಸಿಕೊಂಡರು. ಹನ್ನೊಂದು ವರ್ಷದ ಬಳಿಕ ಆ ಹೆಸರು ಹೂಗ್ಲಿಯ ದಂಡೆಯಲ್ಲಿ ಮತ್ತೆ ನೀರಿಗಿಳಿಯಿತು.